ಚೌಕಟ್ಟಿನ ನಾಲ್ಕು ಮೂಲೆಗಳು

ಪಟ್ಟಣದ ಮನೆಯೊಂದರಲ್ಲಿ ಕಬ್ಬಿಣದ ಚೌಕಟ್ಟುಗಳು ಎಷ್ಟಿವೆಯೆಂದು ಎಣಿಸಹೊರಟವರು ಬೆರಗಾಗದೆ ಇರಲಾರರು. ಕಿಟಕಿಯ ಸರಳುಗಳನ್ನು ಹಿಡಿದು ನಿಲ್ಲಿಸಿರುವುದು ಒಂದು ಚೌಕಟ್ಟು. ಮಹಡಿಯ ಮೇಲಿನ ನೀರಿನ ತೊಟ್ಟಿಯನ್ನು ಹೊತ್ತಿರುವುದು ಇನ್ನೊಂದು. ಅಂಗಳದ ಗೇಟು, ಅಡುಗೆಮನೆಯ ಕಪಾಟು, ಬಿಸಿಲಿನಿಂದ ನೀರು ಕಾಯಿಸುವ ಯಂತ್ರದ ಪೀಠ, ಮೋರಿಯ ಮೇಲಿನ ಜಾಲರಿ, ಇವೆಲ್ಲವೂ ಅದೇ ವಂಶಕ್ಕೆ ಸೇರಿದವು. ಗೃಹಸ್ಥನು ಇವುಗಳನ್ನು ಕಣ್ಣೆತ್ತಿ ನೋಡುವುದು ಅಪರೂಪ. ಗೇಟಿನ ಅಗುಳಿ ತನ್ನ ತೂತಿಗೆ ಬೀಳದೆ ಹೋದಾಗ, ಕಪಾಟಿನ ಬಾಗಿಲು ಒಂದು ಮೂಲೆಯಲ್ಲಿ ಬಾಯಿ ಬಿಟ್ಟುಕೊಂಡಾಗ ಮಾತ್ರ ಅವನಿಗೆ ಚೌಕಟ್ಟಿನ ನೆನಪಾಗುತ್ತದೆ. ಜೊತೆಗೆ ಅದನ್ನು ಮಾಡಿಕೊಟ್ಟ ಬೀದಿಬದಿಯ ಕಾರ್ಖಾನೆಯ ಮೇಲೆ ಕೋಪವೂ ಬರುತ್ತದೆ.

ಆ ಕೋಪದಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಆ ಕಾರ್ಖಾನೆಯ ಕಷ್ಟವೂ ಸಣ್ಣದಲ್ಲ. ಇಬ್ಬರೋ ಮೂವರೋ ಕೆಲಸಗಾರರು, ಒಂದು ಗರಗಸ, ಒಂದು ಬೆಸುಗೆಯ ಯಂತ್ರ, ತಲೆಯ ಮೇಲೆ ಒಂದು ತಗಡಿನ ಸೂರು. ಅಂಥಲ್ಲಿ ಒಂದು ಚೌಕಟ್ಟು ಸೊಟ್ಟಗಾದರೆ ಅದನ್ನು ಬಿಚ್ಚಿ ಮತ್ತೆ ಕಟ್ಟುವ ಖರ್ಚನ್ನು ಕೊಡುವವರಿಲ್ಲ. ಬೆಸುಗೆ ಹಾಕುವುದಕ್ಕಿಂತ ಹಾಕಿದ ಬೆಸುಗೆಯನ್ನು ಕಿತ್ತು ಸಾಣೆ ಹಿಡಿಯುವುದಕ್ಕೇ ಹೆಚ್ಚು ಹೊತ್ತು ಬೇಕು. ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡಿದವನ ಆ ದಿನದ ಲಾಭ ಕಿಡಿಗಳೊಡನೆ ಹಾರಿಹೋದಂತೆಯೇ. ಆದುದರಿಂದ ಚೌಕಟ್ಟನ್ನು ಬೇಗ ಮಾಡುವ ವಿದ್ಯೆ ಎಂದರೆ ಅವಸರದ ವಿದ್ಯೆಯಲ್ಲ. ಅದು ಎರಡನೆಯ ಸಲ ಮಾಡದಂತೆ ನೋಡಿಕೊಳ್ಳುವ ವಿದ್ಯೆ.

ಮಡಿಸಿದ ಕಾಗದದ ಬಲ

ಆಂಗಲ್ ಎಂಬುದು ಉಕ್ಕಿನ ಎರಡು ಪಟ್ಟಿಗಳು ಲಂಬಕೋನದಲ್ಲಿ ಸೇರಿದಂತೆ ತೋರುವ ಸರಳು. ನಿಜವಾಗಿ ಅದನ್ನು ಯಾರೂ ಸೇರಿಸಿರುವುದಿಲ್ಲ. ಕೆಂಪಗೆ ಕಾದ ಉಕ್ಕಿನ ದಿಂಡನ್ನು ಉರುಳೆಗಳ ನಡುವೆ ಹಾಯಿಸಿ, ಒಂದೊಂದು ಸಲಕ್ಕೂ ಸ್ವಲ್ಪ ಸ್ವಲ್ಪವೇ ಆಕಾರ ಕೊಟ್ಟು ಉದ್ದಕ್ಕೆ ಎಳೆದಿರುತ್ತಾರೆ. ಮೈಸೂರು ಸಂಸ್ಥಾನದಲ್ಲಿ ಸರ್. ಎಂ. ವಿಶ್ವೇಶ್ವರಯ್ಯನವರ ಹಂಬಲದ ಫಲವಾಗಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರಲ್ಲಿ. ಅಂದಿನಿಂದ ಕನ್ನಡ ನಾಡಿನ ಮನೆಮಾತಿನಲ್ಲಿ ಕಬ್ಬಿಣವೆಂದರೆ ಭದ್ರಾವತಿ ಎಂಬಷ್ಟು ಸಲುಗೆ ಬೆಳೆಯಿತು.

ಆಂಗಲಿನ ಬಲದ ಗುಟ್ಟನ್ನು ಮನೆಯ ಮಕ್ಕಳೇ ಪರೀಕ್ಷಿಸಿ ನೋಡಬಹುದು. ಒಂದು ಅಂಚೆ ಕಾರ್ಡನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಟ್ಟು ಮೇಲೆ ಒಂದೆರಡು ನಾಣ್ಯಗಳನ್ನಿರಿಸಿದರೆ ಅದು ಜೋಲುತ್ತದೆ. ಅದೇ ಕಾರ್ಡನ್ನು ಉದ್ದಕ್ಕೆ ನಡುವೆ ಮಡಿಸಿ ಇಟ್ಟರೆ ಬಹುಮಟ್ಟಿಗೆ ಬಾಗದೆ ನಿಲ್ಲುತ್ತದೆ. ಕಾಗದ ಹೆಚ್ಚಲಿಲ್ಲ, ಆಕಾರ ಬದಲಾಯಿತು, ಅಷ್ಟೆ. ಉಕ್ಕಿನಲ್ಲಿಯೂ ಹಾಗೆಯೇ. ಪ್ರತಿ ಕೈಯೂ 40 ಮಿ.ಮೀ. ಅಗಲ ಮತ್ತು 5 ಮಿ.ಮೀ. ದಪ್ಪವಿರುವ ಆಂಗಲು ಮೀಟರಿಗೆ ಸುಮಾರು 3 ಕಿಲೋಗ್ರಾಂ ತೂಗುತ್ತದೆ. 50 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ್ದಾದರೆ ಮೀಟರಿಗೆ 4.5 ಕಿಲೋಗ್ರಾಂ. ಪೇಟೆಯಲ್ಲಿ ಸಾಮಾನ್ಯವಾಗಿ 6 ಮೀಟರ್ ಉದ್ದದ ಸರಳುಗಳು ದೊರೆಯುತ್ತವೆ. ಮಾರಾಟವಾಗುವುದು ಉದ್ದದ ಲೆಕ್ಕದಲ್ಲಲ್ಲ, ತೂಕದ ಲೆಕ್ಕದಲ್ಲಿ. ಇಲ್ಲಿಂದಲೇ ಮಿತವ್ಯಯದ ಪಾಠ ಮೊದಲಾಗುತ್ತದೆ.

ಕಡಿಯುವ ಮುನ್ನ ಕಾಗದ

ಉದಾಹರಣೆಗೆ, ಒಬ್ಬ ವರ್ತಕನು ತನ್ನ ಅಂಗಡಿಗೆಂದು 600 ಮಿ.ಮೀ. ಉದ್ದ, 400 ಮಿ.ಮೀ. ಅಗಲದ ಇಪ್ಪತ್ತು ಚೌಕಟ್ಟುಗಳನ್ನು 40 ಮಿ.ಮೀ. ಆಂಗಲಿನಲ್ಲಿ ಮಾಡಿಕೊಡಲು ಹೇಳಿದನೆಂದು ಭಾವಿಸಬಹುದು. ಒಂದು ಚೌಕಟ್ಟಿನ ಸುತ್ತಳತೆ 2,000 ಮಿ.ಮೀ. ಸರಳಿನ ಉದ್ದ 6,000. ಹಾಗಾದರೆ ಒಂದು ಸರಳಿಗೆ ಮೂರು ಚೌಕಟ್ಟು ಎಂದು ಬಾಯಿಲೆಕ್ಕ ಹೇಳುವವನು ಮೊದಲನೆಯ ಸರಳಿನಲ್ಲಿಯೇ ಸಿಕ್ಕಿಬೀಳುತ್ತಾನೆ. ಹನ್ನೆರಡು ತುಂಡುಗಳಾಗಬೇಕಾದರೆ ಗರಗಸ ಕನಿಷ್ಠ ಹನ್ನೊಂದು ಸಲ ಹಾಯಬೇಕು. ಹಾದಾಗಲೆಲ್ಲ ಸುಮಾರು 3 ಮಿ.ಮೀ. ಉಕ್ಕು ಪುಡಿಯಾಗಿ ನೆಲ ಸೇರುತ್ತದೆ. ಹನಿಗೂಡಿದರೆ ಹಳ್ಳ ಎಂಬ ಗಾದೆಯಂತೆ ಒಟ್ಟು 33 ಮಿ.ಮೀ. ಕಾಣೆಯಾಗಿ ಹನ್ನೆರಡನೆಯ ತುಂಡು ಗಿಡ್ಡವಾಗಿ ನಿಲ್ಲುತ್ತದೆ.

ಅದಕ್ಕೆ ಹೆದರಿದ ಮತ್ತೊಬ್ಬನು ಸರಳಿಗೆ ಎರಡೇ ಚೌಕಟ್ಟಿನಂತೆ ಕಡಿದು ಹತ್ತು ಸರಳುಗಳನ್ನು ಮುಗಿಸುತ್ತಾನೆ. ಸುಮಾರು ಎರಡೆರಡು ಮೀಟರಿನ ಹತ್ತು ತುಂಡುಗಳು ಮೂಲೆಯಲ್ಲಿ ತುಕ್ಕು ಹಿಡಿಯಲು ಕೂರುತ್ತವೆ. ಮೂರನೆಯವನು ಗರಗಸ ಮುಟ್ಟುವ ಮುನ್ನ ಕಾಗದ ಹಿಡಿಯುತ್ತಾನೆ. ನಾಲ್ಕು ಸರಳುಗಳಿಂದ ಐದೈದು ಉದ್ದದ ತುಂಡು, ಏಳೇಳು ಗಿಡ್ಡ ತುಂಡು. ಎರಡು ಸರಳುಗಳಿಂದ ಏಳೇಳು ಉದ್ದ, ನಾಲ್ಕು ನಾಲ್ಕು ಗಿಡ್ಡ. ಕೊನೆಯ ಒಂದರಿಂದ ಆರು ಉದ್ದ, ನಾಲ್ಕು ಗಿಡ್ಡ. ನಲವತ್ತು ಉದ್ದ, ನಲವತ್ತು ಗಿಡ್ಡ ತುಂಡುಗಳು ಏಳೇ ಸರಳುಗಳಲ್ಲಿ ಮುಗಿದುವು. ಉಳಿದ ಮೂರು ಸರಳುಗಳ ತೂಕ 54 ಕಿಲೋಗ್ರಾಂ. ಐದು ನಿಮಿಷದ ಲೆಕ್ಕಕ್ಕೆ ದೊರೆತ ಕೂಲಿ ಇದು.

ಅನುಭವಿಗಳು ಇನ್ನೊಂದು ಎಚ್ಚರವನ್ನೂ ಇಟ್ಟುಕೊಂಡಿರುತ್ತಾರೆ. ಬಂದ ಸರಳು ನಿಜವಾಗಿ 6 ಮೀಟರ್ ಇದೆಯೇ, ಅದರ ತುದಿ ನೆಟ್ಟಗೆ ಕಡಿದದ್ದೇ ಎಂಬುದನ್ನು ನೋಡದೆ ಮೊದಲನೆಯ ಗುರುತು ಹಾಕುವುದಿಲ್ಲ. ಒಂದು ಕೆಲಸ ಮುಗಿಯುವ ತನಕ ಒಂದೇ ಅಳತೆಪಟ್ಟಿಯನ್ನು ಬಳಸುತ್ತಾರೆ. ತುದಿಯ ಕೊಕ್ಕೆ ಸವೆದ ಎರಡು ಪಟ್ಟಿಗಳು ಒಂದೇ ಅಳತೆಯನ್ನು ಎರಡು ಬಗೆಯಾಗಿ ಹೇಳುವುದುಂಟು.

ಮೂಲೆ ಕೂಡಿಸುವ ಮೂರು ದಾರಿ

ಮೊದಲನೆಯದು ಎಲ್ಲರಿಗೂ ಪರಿಚಿತವಾದ ಓರೆಗಡಿತ. ಪಟದ ಕಟ್ಟಿನಂತೆ ನಾಲ್ಕು ತುಂಡುಗಳ ಎಂಟು ತುದಿಗಳನ್ನೂ 45 ಡಿಗ್ರಿಗೆ ಕಡಿದು ಕೂಡಿಸುವುದು. ನೋಡಲು ಅಂದ. ಆದರೆ ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಸಂದು ತೆರೆದುಕೊಳ್ಳುತ್ತದೆ. ಆಂಗಲಿಗೆ ಎದ್ದು ನಿಂತ ಇನ್ನೊಂದು ಕೈ ಇರುವುದರಿಂದ, ಚಪ್ಪಟೆ ಪಟ್ಟಿಯಂತೆ ಅದನ್ನು ಮಗುಚಿ ಹಾಕಿ ಎರಡೂ ತುದಿಗಳನ್ನು ಒಂದೇ ಏರ್ಪಾಟಿನಲ್ಲಿ ಕಡಿಯಲು ಬರುವುದಿಲ್ಲ. ಗರಗಸವನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಲೇಬೇಕು. ಹೀಗಿರಲು ಜಾಣನು ಎಡದ ಕಡಿತಗಳನ್ನೆಲ್ಲ ಒಟ್ಟಿಗೆ ಮುಗಿಸಿ, ಆಮೇಲೆ ಒಂದೇ ಸಲ ಗರಗಸವನ್ನು ತಿರುಗಿಸುತ್ತಾನೆ.

ಎರಡನೆಯದು ಕಚ್ಚು ಹಾಕುವ ದಾರಿ. ಉದ್ದದ ಎರಡು ತುಂಡುಗಳನ್ನು 600 ಮಿ.ಮೀ.ಗೆ ನೇರವಾಗಿಯೇ ಕಡಿದು ಬಿಡುವುದು. ಗಿಡ್ಡ ತುಂಡುಗಳನ್ನು, ಇಕ್ಕೆಲದ ಎರಡು ದಪ್ಪಗಳನ್ನು ಕಳೆದು, 390 ಮಿ.ಮೀ.ಗೆ ಕಡಿದು, ಅವುಗಳ ಚಪ್ಪಟೆ ಕೈಯನ್ನು ಎರಡೂ ತುದಿಯಲ್ಲಿ 35 ಮಿ.ಮೀ.ನಷ್ಟು ತೆಗೆದುಬಿಡುವುದು. ಆಗ ಗಿಡ್ಡ ತುಂಡಿನ ನಿಂತ ಕೈ ಉದ್ದದ ತುಂಡಿನ ಮೇಲೆ ಬಂದು ಸರಿಯಾಗಿ ಕೂರುತ್ತದೆ. ಓರೆಯ ಕಡಿತವೊಂದೂ ಇಲ್ಲ. ಕೆಲಸಕ್ಕೆ ಹೊಸಬನಾದ ಹುಡುಗನಿಗೂ ಒಪ್ಪಿಸಬಹುದಾದ ಕ್ರಮವಿದು. ಆಂಗಲಿನ ಒಳಮೂಲೆ ಚೂಪಾಗಿರದೆ ದುಂಡಗಿರುವುದರಿಂದ ಗಿಡ್ಡ ತುಂಡಿನ ತುದಿಯನ್ನು ಅಲ್ಲಿಗೆ ತಕ್ಕಂತೆ ಕೊಂಚ ಉಜ್ಜಬೇಕಾಗುತ್ತದೆ, ಅಷ್ಟೆ.

ಮೂರನೆಯದು ಮಡಿಸುವ ದಾರಿ. ಇಲ್ಲಿ ಸರಳನ್ನು ನಾಲ್ಕು ತುಂಡು ಮಾಡುವುದೇ ಇಲ್ಲ. ಚಪ್ಪಟೆ ಕೈಯಲ್ಲಿ ಮಾತ್ರ ಮೂರು ಕಡೆ ತ್ರಿಕೋನಾಕಾರದ ಕಚ್ಚು ತೆಗೆದು, ನಿಂತ ಕೈಯನ್ನು ಹಾಗೆಯೇ ಉಳಿಸಿ, ಮೂರು ಮೂಲೆಗಳನ್ನೂ ಮಡಿಸಿಬಿಡುವುದು. 40 ಮಿ.ಮೀ. ಆಂಗಲಿನಲ್ಲಿ ಕಚ್ಚಿನ ಆಳ 35 ಮಿ.ಮೀ., ಅಂಚಿನಲ್ಲಿ ಅದರ ಅಗಲ 70 ಮಿ.ಮೀ. ಇದರಲ್ಲಿರುವ ಒಂದೇ ಮೋಸವೆಂದರೆ ಅಳತೆಯದು. ಮಡಿಕೆ ಬೀಳುವುದು ನಿಂತ ಕೈಯ ಒಳಮೈಯ ಮೇಲೆ. ಆದುದರಿಂದ ಕಚ್ಚಿನ ತುದಿಗಳ ನಡುವಿನ ದೂರವನ್ನು 600 ಮತ್ತು 400 ಎಂದು ಹಾಕಬಾರದು, 590 ಮತ್ತು 390 ಎಂದು ಹಾಕಬೇಕು. ಇದನ್ನು ಮರೆತವನ ಚೌಕಟ್ಟು ಪ್ರತಿ ಬದಿಯಲ್ಲಿಯೂ 10 ಮಿ.ಮೀ. ದೊಡ್ಡದಾಗಿ ಕುಳಿತಿರುತ್ತದೆ.

ಸರಿಯಾಗಿ ಮಾಡಿದವನಿಗೆ ಲಾಭ ಎರಡು ಪಟ್ಟು. ಒಂದು ಚೌಕಟ್ಟಿಗೆ 1,960 ಮಿ.ಮೀ. ಸಾಕಾಗುವುದರಿಂದ ಒಂದು ಸರಳಿನಲ್ಲಿ ಮೂರು ಚೌಕಟ್ಟುಗಳು, ಗರಗಸದ ಪುಡಿಯನ್ನು ಕಳೆದೂ, ಸಲೀಸಾಗಿ ಬರುತ್ತವೆ. ನಿಂತ ಕೈಗೆ ನಾಲ್ಕು ಬೆಸುಗೆಯ ಬದಲು ಒಂದೇ ಬೆಸುಗೆ ಸಾಕು. 5 ಮಿ.ಮೀ. ದಪ್ಪದ ಕೈಯನ್ನು ಬಾಗಿಸಲು ಕಾಯಿಸಬೇಕಾದ ಅಗತ್ಯವೂ ಇಲ್ಲ. ಗಟ್ಟಿಯಾದ ಹಿಡಿಕೆಯಲ್ಲಿ ಬಿಗಿದು ತೋಳಿನ ಬಲದಿಂದಲೇ ಬಾಗಿಸಬಹುದು. ಹೊರಮೂಲೆ ಚೂಪಾಗಿರದೆ ಕೊಂಚ ದುಂಡಗಾಗುತ್ತದೆ. ಮಕ್ಕಳು ಓಡಾಡುವ ಮನೆಗೆ ಅದೂ ಒಂದು ಗುಣವೇ.

ಮೊದಲನೆಯದೇ ಗುರು

ಇಪ್ಪತ್ತು ಚೌಕಟ್ಟು ಮಾಡುವುದೆಂದರೆ ಒಂದು ಚೌಕಟ್ಟನ್ನು ಇಪ್ಪತ್ತು ಸಲ ಮಾಡುವುದೆಂದು ಎಣಿಸಿದವನು ಇಪ್ಪತ್ತು ಸಲ ಅಳೆಯುತ್ತಾನೆ, ಇಪ್ಪತ್ತು ಸಲ ತಪ್ಪುವ ಅವಕಾಶವನ್ನೂ ಪಡೆಯುತ್ತಾನೆ. ಬಲ್ಲ ಮೇಸ್ತ್ರಿಯ ಕ್ರಮವೇ ಬೇರೆ. ಗರಗಸದ ಪಕ್ಕದಲ್ಲಿ ಬೇಕಾದ ದೂರಕ್ಕೆ ಒಂದು ತಡೆಯನ್ನು ಬಿಗಿದು, ಸರಳನ್ನು ಅದಕ್ಕೆ ತಾಗಿಸಿ ಕಡಿಯುತ್ತ ಹೋದರೆ ಎಲ್ಲ ತುಂಡುಗಳೂ ಒಂದೇ ಅಳತೆಗೆ ಬರುತ್ತವೆ. ಅಳೆದದ್ದು ಒಮ್ಮೆ ಮಾತ್ರ. ಒಂದು ವೇಳೆ ಆ ಅಳತೆ ಅರ್ಧ ಮಿಲಿಮೀಟರ್ ತಪ್ಪಿದರೂ ಎಲ್ಲವೂ ಸಮಾನವಾಗಿ ತಪ್ಪಿರುತ್ತವೆಯಾದ್ದರಿಂದ ಚೌಕಟ್ಟು ಚೌಕವಾಗಿಯೇ ನಿಲ್ಲುತ್ತದೆ.

ಕೂಡಿಸುವ ಹಂತದಲ್ಲಿ ಇದೇ ತತ್ತ್ವಕ್ಕೆ ಜಿಗ್ ಎಂದು ಹೆಸರು. ದಪ್ಪ ಉಕ್ಕಿನ ಹಲಗೆಯೊಂದನ್ನು ಮಟ್ಟವಾಗಿ ನಿಲ್ಲಿಸಿ, ಅದರ ಮೇಲೆ ಮೊದಲನೆಯ ಚೌಕಟ್ಟನ್ನು ಎಷ್ಟು ಹೊತ್ತು ಹಿಡಿದರೂ ಸರಿಯೆಂದು ನಿಖರವಾಗಿ ಹೊಂದಿಸುತ್ತಾರೆ. ಅದರ ಹೊರ ಅಂಚಿಗೆ ತಾಗುವಂತೆ ಸಣ್ಣ ಸಣ್ಣ ಉಕ್ಕಿನ ತುಂಡುಗಳನ್ನು ಹಲಗೆಗೆ ಬೆಸೆಯುತ್ತಾರೆ. ಇನ್ನು ಉಳಿದ ಹತ್ತೊಂಬತ್ತಕ್ಕೆ ಅಳತೆಪಟ್ಟಿ ಬೇಡ. ತುಂಡುಗಳನ್ನು ಒಳಗಿಟ್ಟು, ಬಿಗಿದು, ಚುಕ್ಕಿ ಬೆಸುಗೆ ಹಾಕಿ ತೆಗೆದರಾಯಿತು. ಆದರೆ ಈ ತಡೆಗಳನ್ನು ಮೂಲೆಗೆ ತೀರ ಒತ್ತಿ ಇಡಬಾರದು. ಅಲ್ಲಿ ಬೆಸುಗೆಯ ಹನಿ ಸಿಡಿದು ಅಂಟಿಕೊಂಡರೆ, ಇಲ್ಲವೆ ಕಡಿದ ಅಂಚಿನ ಮುಳ್ಳು ಸಿಕ್ಕಿಕೊಂಡರೆ, ಮುಂದಿನ ಚೌಕಟ್ಟು ಸರಿಯಾಗಿ ಕೂರದು. ಕೂತದ್ದು ಹೊರಗೆ ಬಾರದು.

ಕೆಲಸದ ಸಾಲೂ ಮುಖ್ಯವೇ. ಎಲ್ಲವನ್ನೂ ಕಡಿಯುವುದು, ಎಲ್ಲ ಅಂಚುಗಳ ಮುಳ್ಳನ್ನೂ ಉಜ್ಜುವುದು, ಎಲ್ಲಕ್ಕೂ ಕಚ್ಚು ಹಾಕುವುದು, ಎಲ್ಲಕ್ಕೂ ಚುಕ್ಕಿ ಬೆಸುಗೆ, ಕೊನೆಗೆ ಎಲ್ಲಕ್ಕೂ ಪೂರ್ಣ ಬೆಸುಗೆ. ಉಪಕರಣವನ್ನು ಕೆಳಗಿಟ್ಟು ಇನ್ನೊಂದನ್ನು ಹುಡುಕುವ ಹೊತ್ತೇ ಸಣ್ಣ ಕಾರ್ಖಾನೆಯ ದಿನವನ್ನು ನುಂಗುವ ಗುಪ್ತಶತ್ರು.

ಯಜ್ಞವೇದಿಯ ಹಗ್ಗ

ಚೌಕಟ್ಟು ಚೌಕವಾಗಿದೆಯೇ ಎಂಬುದನ್ನು ನೋಡಲು ಮೂಲೆಮಟ್ಟವೊಂದೇ ಸಾಲದು. ಅದರ ಕೈ ಗಿಡ್ಡ; ಅಲ್ಲಿ ಕಾಣದ ತಪ್ಪು ದೂರ ಹೋದಂತೆ ಬೆಳೆಯುತ್ತದೆ. ಒಂದು ಡಿಗ್ರಿಯ ತಪ್ಪು ಒಂದು ಮೀಟರಿನ ಕೊನೆಗೆ ಹದಿನೇಳು ಮಿಲಿಮೀಟರನ್ನೂ ಮೀರುತ್ತದೆ. ಎರಡು ಮೀಟರ್ ಎತ್ತರದ ಬಾಗಿಲಿನಲ್ಲಿ ಅದು ಸುಮಾರು 35 ಮಿ.ಮೀ. ಇದಕ್ಕೆ ಮದ್ದು ಬಹು ಹಳೆಯದು. ಯಜ್ಞವೇದಿಗಳನ್ನು ಹಗ್ಗದಿಂದ ಅಳೆದು ಕಟ್ಟುವ ಕ್ರಮವನ್ನು ಹೇಳುವ ಬೌಧಾಯನ ಶುಲ್ಬಸೂತ್ರದಲ್ಲಿಯೇ ಆಯತದ ಕರ್ಣದ ನಿಯಮವಿದೆ. ಶಾಲೆಯ ಮಕ್ಕಳು ಅದನ್ನು ಪೈಥಾಗೊರಸನ ಹೆಸರಿನಲ್ಲಿ ಓದುತ್ತಾರೆ.

600ಕ್ಕೆ 400ರ ಚೌಕಟ್ಟಿನ ಕರ್ಣ 721 ಮಿ.ಮೀ. ಎರಡು ಕರ್ಣಗಳೂ ಅಷ್ಟೇ ಇದ್ದರೆ ಚೌಕಟ್ಟು ಸರಿ. ಮೂಲೆ ಒಂದು ಡಿಗ್ರಿ ವಾಲಿದ್ದರೆ ಒಂದು ಕರ್ಣ ಸುಮಾರು 727, ಇನ್ನೊಂದು 715 ಆಗಿ, ಎರಡರ ನಡುವೆ ಹನ್ನೆರಡು ಮಿಲಿಮೀಟರಿನಷ್ಟು ಅಂತರ ಬೀಳುತ್ತದೆ. ಕಣ್ಣಿಗೆ ಕಾಣದ ವಾಲು ಕರ್ಣದಲ್ಲಿ ಹೀಗೆ ಎದ್ದು ಕಾಣುತ್ತದೆ. ಕರ್ಣ ಅಳೆಯುವ ಮುನ್ನ ಎದುರುಬದಿರಿನ ಭುಜಗಳು ಸಮವಾಗಿವೆಯೇ ಎಂಬುದನ್ನು ನೋಡಿರಬೇಕು; ಒಂದು ಭುಜ ಗಿಡ್ಡವಾಗಿದ್ದರೂ ಕರ್ಣಗಳು ಸಮವಾಗಿ ನಿಂತು ಮೋಸ ಮಾಡುವುದುಂಟು. ಇನ್ನು ಚೌಕಟ್ಟು ತಿರುಚಿಕೊಂಡಿದೆಯೇ ಎಂಬುದಕ್ಕೆ ಎರಡು ದಾರಗಳನ್ನು ಮೂಲೆಯಿಂದ ಮೂಲೆಗೆ ಕಟ್ಟಿ ನೋಡಿದರಾಯಿತು. ನಡುವೆ ಅವು ಒಂದನ್ನೊಂದು ಸೋಕಿದರೆ ತಿರುಚಿಲ್ಲ.

ಬೆಂಕಿಯ ಸೆಳೆತ

ಇಷ್ಟೆಲ್ಲ ಸರಿಯಾಗಿ ಕೂಡಿಸಿದ ಚೌಕಟ್ಟನ್ನು ಕೊನೆಯ ಗಳಿಗೆಯಲ್ಲಿ ಕೆಡಿಸಬಲ್ಲದ್ದು ಬೆಸುಗೆ. ಒಂದು ಮೀಟರ್ ಉಕ್ಕು ನೂರು ಡಿಗ್ರಿ ಕಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಬಾಯಲ್ಲಿ ಉಕ್ಕು ಸುಮಾರು 1,500 ಡಿಗ್ರಿಯಲ್ಲಿ ಕರಗುತ್ತದೆ. ಆರುವಾಗ ಕುಗ್ಗುತ್ತ ಅಕ್ಕಪಕ್ಕದ ಲೋಹವನ್ನು ತನ್ನತ್ತ ಎಳೆಯುತ್ತದೆ. ಒಳಮೂಲೆಗೆ ಹಾಕಿದ ಬೆಸುಗೆ ಕೋನವನ್ನು ಮುಚ್ಚುತ್ತದೆ, ಹೊರಮೂಲೆಯದು ತೆರೆಯುತ್ತದೆ. ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಪಕ್ಕದ ಮೂಲೆಗೆ ಹೋಗುವ ಅವಸರಿಯ ಚೌಕಟ್ಟು ನಾಲ್ಕನೆಯ ಮೂಲೆಗೆ ಬರುವಷ್ಟರಲ್ಲಿ ವಾಲಿರುತ್ತದೆ.

ಆದುದರಿಂದ ಮೊದಲು ನಾಲ್ಕೂ ಮೂಲೆಗಳಿಗೆ ಚುಕ್ಕಿ ಬೆಸುಗೆ. ಒಡನೆಯೇ ಕರ್ಣದ ಪರೀಕ್ಷೆ. ಈಗ ತಪ್ಪು ಕಂಡರೆ ಮರದ ಸುತ್ತಿಗೆಯ ಒಂದು ಪೆಟ್ಟಿನಿಂದ ಸರಿಹೋದೀತು; ಪೂರ್ಣ ಬೆಸುಗೆಯಾದ ಮೇಲಾದರೆ ಸಾಣೆಚಕ್ರವೇ ಗತಿ. ಆಮೇಲೆ ಒಂದು ಮೂಲೆ, ತರುವಾಯ ಅದರ ಎದುರುಮೂಲೆ, ಹೀಗೆ ಅಡ್ಡಡ್ಡವಾಗಿ ಬೆಸೆಯಬೇಕು. ಎರಡು ಚೌಕಟ್ಟುಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಬಿಗಿದು ಬೆಸೆದರೆ ಒಂದರ ಸೆಳೆತವನ್ನು ಇನ್ನೊಂದು ತಡೆಯುತ್ತದೆ. ಕೈ ಮುಟ್ಟುವಷ್ಟು ಆರಿದ ಮೇಲೆಯೇ ಬಿಚ್ಚಬೇಕು. ಬಲ ಬೇಕೆಂದು ಬೆಸುಗೆಯನ್ನು ಗುಡ್ಡೆಗುಡ್ಡೆಯಾಗಿ ಸುರಿಯುವುದರಿಂದ ಬಲ ಹೆಚ್ಚುವುದಕ್ಕಿಂತ ಸೆಳೆತವೇ ಹೆಚ್ಚುತ್ತದೆ.

ಪ್ಯಾರಿಸಿನ ಗೋಪುರದ ಪಾಠ

ಈ ಪಾಠಗಳನ್ನು ಲೋಕಕ್ಕೆ ಬಹು ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದವನು ಗುಸ್ತಾವ್ ಐಫೆಲ್. 1887ರಿಂದ 1889ರವರೆಗೆ ಪ್ಯಾರಿಸಿನಲ್ಲಿ ಎದ್ದ ಅವನ ಗೋಪುರವನ್ನು ಹತ್ತಿರದಿಂದ ನೋಡಿದರೆ ಅದು ಆಂಗಲುಗಳು ಮತ್ತು ಪಟ್ಟಿಗಳಿಂದ ಹೆಣೆದ ಚೌಕಟ್ಟುಗಳ ಮಹಾರಾಶಿ. ಅದರಲ್ಲಿ 18,038 ಬಿಡಿಭಾಗಗಳಿವೆ. 25 ಲಕ್ಷ ರಿವೆಟ್ಟುಗಳಿವೆ. ಕಬ್ಬಿಣದ ತೂಕ 7,300 ಟನ್. ಇಷ್ಟು ದೊಡ್ಡ ಕೆಲಸ ಎರಡು ವರ್ಷ ಚಿಲ್ಲರೆ ಕಾಲದಲ್ಲಿ ಮುಗಿಯಲು ಕಾರಣ ಗೋಪುರದ ಬುಡದಲ್ಲಿ ನಡೆದ ಅವಸರವಲ್ಲ; ಲವಲ್ವಾ ಪೆರ್ರೆಯ ಕಾರ್ಖಾನೆಯಲ್ಲಿ ನಡೆದ ತಾಳ್ಮೆ. ಪ್ರತಿಯೊಂದು ಭಾಗಕ್ಕೂ ನಕ್ಷೆ ಬರೆದು, ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಲೆಕ್ಕದಲ್ಲಿ ತೂತುಗಳ ಜಾಗವನ್ನು ನಿಶ್ಚಯಿಸಿ, ಅಲ್ಲಿಯೇ ಸಿದ್ಧಪಡಿಸಿ ತರುತ್ತಿದ್ದರು. ಗೋಪುರದ ಮೇಲೆ ಮೊದಲು ಬೋಲ್ಟುಗಳಿಂದ ತಾತ್ಕಾಲಿಕವಾಗಿ ಕೂಡಿಸಿ, ಆಮೇಲೆ ಒಂದೊಂದನ್ನೇ ತೆಗೆದು ಕಾದ ರಿವೆಟ್ಟನ್ನು ಹೊಡೆಯುತ್ತಿದ್ದರು. ಬೀದಿಬದಿಯ ಮೇಸ್ತ್ರಿಯ ಚುಕ್ಕಿ ಬೆಸುಗೆಗೂ ಆ ಬೋಲ್ಟುಗಳಿಗೂ ತತ್ತ್ವ ಒಂದೇ: ಸರಿಯೆಂದು ಖಚಿತವಾಗುವ ತನಕ ಯಾವುದನ್ನೂ ಶಾಶ್ವತ ಮಾಡಬಾರದು.

ಉಳಿಸಬಾರದ ಖರ್ಚು

ಹೊತ್ತು ಉಳಿಸುವ ಉತ್ಸಾಹದಲ್ಲಿ ಉಳಿಸಬಾರದ ಸಂಗತಿಗಳೂ ಕೆಲವಿವೆ. ಬೆಸುಗೆಯ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ಕಣ್ಣಿನ ಮೇಲ್ಪದರವನ್ನು ಸುಡುತ್ತವೆ. ಆ ಕ್ಷಣಕ್ಕೆ ನೋವಿರುವುದಿಲ್ಲ. ಕೆಲವು ಗಂಟೆಗಳ ತರುವಾಯ, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ, ಕಣ್ಣಿಗೆ ಮರಳು ಸುರಿದಂತಾಗಿ ನೀರು ಹರಿಯುತ್ತದೆ. ಚುಕ್ಕಿ ಬೆಸುಗೆಗೆ ಒಂದು ಕ್ಷಣ ಸಾಕೆಂದು ಬರಿಗಣ್ಣನ್ನು ಪಕ್ಕಕ್ಕೆ ತಿರುಗಿಸಿ ಕೆಲಸ ಮಾಡುವ ಹುಡುಗರು ಅನೇಕರಿದ್ದಾರೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಹತ್ತನೆಯ ಅಥವಾ ಹನ್ನೊಂದನೆಯ ಸಂಖ್ಯೆಯ ಕಪ್ಪು ಗಾಜು ಬೇಕು. ತಂಪು ಕನ್ನಡಕ ಅದರ ಬದಲಿಯಲ್ಲ. ಬೀದಿಯಲ್ಲಿ ನಿಂತು ಬೆರಗಿನಿಂದ ನೋಡುವ ಮಕ್ಕಳಿಗೂ ಅಪಾಯ ತಪ್ಪಿದ್ದಲ್ಲ. ಒಂದು ಪರದೆಯನ್ನು ಇಳಿಬಿಡುವುದು ಕಾರ್ಖಾನೆಯವನ ಧರ್ಮ. ಮಗುವಿನ ಕೈಹಿಡಿದು ಮುಂದೆ ನಡೆಸುವುದು ತಂದೆತಾಯಿಗಳ ಧರ್ಮ.

ಸಾಣೆಚಕ್ರದ ಮಾತೂ ಹೀಗೆಯೇ. ನಿಮಿಷಕ್ಕೆ 11,000 ಸುತ್ತು ತಿರುಗುವ 100 ಮಿ.ಮೀ. ಚಕ್ರದ ಅಂಚು ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತಿರುತ್ತದೆ. ಅದು ಒಡೆದರೆ ಚೂರುಗಳು ಬರುವುದೂ ಅದೇ ವೇಗದಲ್ಲಿ. ಅಡ್ಡವಾಗಿರುವ ರಕ್ಷಾಕವಚವನ್ನು ಕಳಚಿಟ್ಟು ಕೆಲಸ ಮಾಡುವವನು ಉಳಿಸುವುದು ಕೆಲವು ನಿಮಿಷ; ಪಣಕ್ಕಿಟ್ಟಿರುವುದು ಮುಖವನ್ನು. ಸತುವು ಲೇಪಿಸಿದ ಉಕ್ಕನ್ನು ಹಾಗೆಯೇ ಬೆಸೆದವನಿಗೆ ಹೊಗೆಯಿಂದ ಸಂಜೆಗೆ ಚಳಿಜ್ವರ ಬರುವುದುಂಟು. ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡುವುದು ಜಾಣತನ.

ಕೊಳ್ಳುವವರಿಗೊಂದು ಮಾತು

ಚೌಕಟ್ಟನ್ನು ಮನೆಗೆ ತರುವ ಮುನ್ನ ಗೃಹಸ್ಥನು ಮಾಡಬಹುದಾದ ಪರೀಕ್ಷೆಗಳು ಸುಲಭ. ಒಂದು ದಾರದಿಂದ ಎರಡು ಕರ್ಣಗಳನ್ನೂ ಅಳೆಯಬೇಕು. ಮಟ್ಟವಾದ ನೆಲದ ಮೇಲಿಟ್ಟು ಒಂದು ಮೂಲೆಯನ್ನು ಒತ್ತಿ, ಎದುರಿನದು ಏಳುತ್ತದೆಯೇ ಎಂದು ನೋಡಬೇಕು. ಬೆಸುಗೆಯ ಮೇಲಿನ ಕಿಟ್ಟವನ್ನು ಕುಟ್ಟಿ ತೆಗೆದು, ತಂತಿಯ ಕುಂಚದಿಂದ ಉಜ್ಜಿದ ಮೇಲೆಯೇ ಕೆಂಪು ಬಣ್ಣ ಬಳಿದಿದ್ದಾರೆಯೇ ಎಂದು ವಿಚಾರಿಸಬೇಕು. ಕಿಟ್ಟದ ಮೇಲೆ ಬಳಿದ ಬಣ್ಣ ಒಂದು ಮಳೆಗಾಲವನ್ನೂ ತಾಳಲಾರದು. ಬಯಲಿನಲ್ಲಿ ನಿಲ್ಲುವ ಚೌಕಟ್ಟಾದರೆ ಆಂಗಲು ನೀರು ಹಿಡಿಯುವ ದೋಣಿಯಂತೆ ಕೂರದೆ, ನೀರು ಜಾರಿಹೋಗುವಂತೆ ಕೂತಿರಬೇಕು.

ಈ ಪರೀಕ್ಷೆಗಳಲ್ಲಿ ಗೆದ್ದ ಚೌಕಟ್ಟಿಗೆ ಕೇಳಿದ ದರ ಕೊಂಚ ಹೆಚ್ಚೆನಿಸಿದರೂ, ಅದರಲ್ಲಿ ಕಬ್ಬಿಣದ ತೂಕವಲ್ಲದೆ ಕಾಗದದ ಮೇಲಿನ ಲೆಕ್ಕಕ್ಕೆ, ಮೊದಲನೆಯದನ್ನು ಹೊಂದಿಸಲು ಹಿಡಿದ ಹೊತ್ತಿಗೆ, ಕಪ್ಪು ಗಾಜಿಗೆ, ಬೀದಿಗೆ ಇಳಿಬಿಟ್ಟ ಪರದೆಗೆ ತೆತ್ತ ಬೆಲೆಯೂ ಸೇರಿದೆಯೆಂಬುದನ್ನು ಮರೆಯಬಾರದು. ಅದನ್ನು ಚೌಕಾಸಿಯಲ್ಲಿ ಕಿತ್ತುಕೊಂಡರೆ, ಮುಂದಿನ ಗಿರಾಕಿಗೆ ಮೇಸ್ತ್ರಿಯು ಕಡಮೆ ಮಾಡಿಕೊಡುವುದು ಕಬ್ಬಿಣವನ್ನಲ್ಲ, ಅವುಗಳನ್ನೇ.